ಸಿದ್ಧಾಂತಿಯೂ ಮೇಲಿನ ಕಿಂಡಿಯೂ

ಆ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಹೆತ್ತವರು ಇಟ್ಟ ಹೆಸರು ಅವನ ಗುರುತಿನ ಚೀಟಿಗೆ ಮಾತ್ರ ಗೊತ್ತಿತ್ತು. ಬೀದಿಯ ಪಾಲಿಗೆ ಅವನು ಸಿದ್ಧಾಂತಿ. ಕೆಟ್ಟ ಯಂತ್ರವನ್ನು ಹೊತ್ತು ತಂದವರು ಅದು ಸರಿಹೋದ ಮೇಲೂ ಏಳದೆ, ಅವನ ಅಭಿಪ್ರಾಯಗಳ ಆಸೆಗೆ ಬೆಂಚಿಗೆ ಅಂಟಿಕೊಳ್ಳುತ್ತಿದ್ದರು. ಮಡಚುವ ಫೋನು ಬಂತೆಂಬ ಸುದ್ದಿಗೆ, "ಮಡಚೋಕೆ ಅದೇನು ಕೊಡೆನಾ? ಮಳೆ ಬಂದ್ರೆ ತಲೆ ಮೇಲೆ ಹಿಡಿಯೋಕೂ ಆಗಲ್ಲ" ಎನ್ನುವನು. ಹೊಸ ಆಟದ ಮಾತು ಬಂದರೆ, "ಅರ್ಧಂಬರ್ಧ ಮಾಡಿ ಮಾರ್ತಾರೆ, ಉಳಿದಿದ್ದನ್ನ ಅಪ್‌ಡೇಟ್ ಅಂತ ಕಳಿಸ್ತಾರೆ. ಮೇಸ್ತ್ರಿ ಹೀಗೆ ಮನೆ ಕಟ್ಟಿದ್ದಿದ್ರೆ ಹಲ್ಲು ಉದುರಿಸ್ತಿದ್ರು" ಎನ್ನುವನು.

ಈ ಮತಗಳಿಗೆಲ್ಲ ಶಿಖರಪ್ರಾಯವಾದುದು ಒಂದಿತ್ತು: ಆಟದ ಚಿತ್ರಗಳನ್ನು ನಯವಾಗಿ ಓಡಿಸುವುದೆನ್ನಲಾದ ಗ್ರಾಫಿಕ್ಸ್ ಕಾರ್ಡು ಕೇವಲ ಬೂಟಾಟಿಕೆ. ಇದಕ್ಕೆ ಅವನಲ್ಲಿ ಪ್ರತ್ಯಕ್ಷ ಪ್ರಮಾಣವೇ ಇತ್ತು. ಎರಡು ವರ್ಷಗಳ ಹಿಂದೆ ತನ್ನ ಯಂತ್ರಕ್ಕೇ ಅಂಥದೊಂದನ್ನು ಕೂರಿಸಿ ಕಾರೋಟದ ಆಟವನ್ನು ಆಡಿ ನೋಡಿದ್ದ. ಕಾರು ಮೊದಲಿನಂತೆಯೇ ಕುಂಟುತ್ತ, ಮುಗ್ಗರಿಸುತ್ತ ಓಡಿತ್ತು; ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅವನ ಕೆಲಸದ ಪದ್ಧತಿಯನ್ನೂ ಇಲ್ಲಿ ಹೇಳತಕ್ಕದ್ದು. ಯಂತ್ರದ ಬೆನ್ನಿಗೆ ಪರದೆಯ ತಂತಿ ಸಿಕ್ಕಿಸುವಾಗ ಅವನು ಬಗ್ಗಿ ನೋಡಿದವನಲ್ಲ. ಮುಂದೆ ನಿಂತು, ಗಿರಾಕಿಯೊಡನೆ ಮಾತಾಡುತ್ತಲೇ ಹಿಂದಕ್ಕೆ ಕೈ ಚಾಚಿ, ಬೆರಳಿನಿಂದಲೇ ಮೇಲಿನ ಕಿಂಡಿಯನ್ನು ಹುಡುಕಿ ಚುಚ್ಚಿಬಿಡುವನು. "ಕಣ್ಣು ಹಾಕೋನು ಕಲಿಯೋನು, ಕೈ ಹಾಕೋನು ಕಲಿತೋನು" ಎಂಬುದು ಅವನ ಹೆಮ್ಮೆಯ ನುಡಿ.

ಎದುರಿನ ಫೋಟೊ ಸ್ಟುಡಿಯೊದವನು ಕಳೆದ ತಿಂಗಳು ಈ ಮತವನ್ನು ಧಿಕ್ಕರಿಸಿ ಒಳ್ಳೆಯ ಕಾರ್ಡನ್ನೇ ತಂದ. ಸಿದ್ಧಾಂತಿ ನಗುತ್ತಲೇ ಜೋಡಿಸಿಕೊಟ್ಟ. ಮದುವೆಯ ವಿಡಿಯೊಗಳು ಎಂದಿನಂತೆ ತೆವಳಿದವು. ಸ್ಟುಡಿಯೊದವನು ಸೋತು, ಕಾರ್ಡನ್ನು ಭಾವಮೈದುನನಿಗೆ ಕೊಟ್ಟುಬಿಡಲು ನಿಶ್ಚಯಿಸಿದ. ಒಂದು ದಿನ ಊಟದ ಹೊತ್ತು ಕಳೆದ ಮೇಲೆ ಆತ ಬಂದು ಒಯ್ಯುವುದೆಂದಾಯಿತು.

ಅದೇ ದಿನ ಮಧ್ಯಾಹ್ನ, ಊಟ ಮುಗಿಸಿ ಬಂದ ಸಿದ್ಧಾಂತಿ ಅಭ್ಯಾಸಬಲದಿಂದ ಕಾರೋಟಕ್ಕೆ ಕುಳಿತ. ಕಾರು ಹರಿಯುವ ನೀರಿನಂತೆ ಓಡಿತು. ತಿರುವಿನಲ್ಲಿ ರಸ್ತೆಯ ಒದ್ದೆಯೂ ಹೊಳೆಯಿತು. ಅವನ ಮುಖ ಮಾತ್ರ ಬಾಡಿತು.

"ಅತ್ತಿಗೆ, ಇದನ್ನ ಯಾರು ಮುಟ್ಟಿದ್ದು?"

ಅಂಗಡಿಯ ಇನ್ನರ್ಧದಲ್ಲಿ ಹೊಲಿಗೆ ಹಾಕುವ ಅತ್ತಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. "ನಾನೇ. ಹಿಂದುಗಡೆ ಧೂಳು ಒಂದು ದಿಂಬು ತುಂಬೋಷ್ಟಿತ್ತು. ತಂತಿ ಜಗ್ಗಿ ಕಿತ್ತು ಒರೆಸಿದೆ. ಮೇಲಿನ ಕಿಂಡಿಗೆ ಕೈ ಎಟುಕಲಿಲ್ಲ, ಕೆಳಗೂ ಅಂಥದ್ದೇ ಇತ್ತು, ಅದಕ್ಕೇ ಚುಚ್ಚಿದೆ. ಯಾಕೆ, ಚಿತ್ರ ಬರ್ತಿಲ್ವಾ?"

"ಬರ್ತಿದೆ" ಎಂದನವನು ನರಳುವ ದನಿಯಲ್ಲಿ. "ತುಂಬಾ ಚೆನ್ನಾಗಿ ಬರ್ತಿದೆ."

ಹುಟ್ಟಿದ ಮೇಲೆ ಇದೇ ಮೊದಲೆಂಬಂತೆ ಅವನು ಬಗ್ಗಿ ನೋಡಿದ. ಕೆಳಗಿನ ಕಿಂಡಿ ಕಾರ್ಡಿನದು. ಮೇಲಿನದು ಯಂತ್ರದ ಸ್ವಂತದ್ದು; ಅದಕ್ಕೆ ಚುಚ್ಚಿದರೆ ಚಿತ್ರ ಕಾರ್ಡಿನ ಹಂಗಿಲ್ಲದೆಯೇ ಪರದೆಗೆ ಹೋಗುತ್ತಿತ್ತು. ಎರಡು ವರ್ಷ ಆ ಕಾರ್ಡು ಉಂಡು ಮಲಗಿದ ಅಳಿಯನಂತೆ ಸುಮ್ಮನೆ ಬಿದ್ದುಕೊಂಡಿತ್ತು! ಸ್ಟುಡಿಯೊದ ಯಂತ್ರಕ್ಕೂ ತಂತಿ ಚುಚ್ಚಿದ್ದು ಇದೇ ಕೈ.

ಅವನು ತಂತಿಯನ್ನು ಕಿತ್ತು ಮೆಲ್ಲಗೆ ಮೇಲಿನ ಕಿಂಡಿಗೆ ಸಿಕ್ಕಿಸಿದ. ಕಾರು ಕುಂಟಿತು, ಸಿದ್ಧಾಂತ ಎದ್ದು ನಿಂತಿತು.

ಅತ್ತಿಗೆಯ ಹೊಲಿಗೆ ನಿಂತಿತು. "ಏನಪ್ಪಾ, ಓಡೋ ಕುದುರೆ ಕಾಲು ಮುರಿದು ಕೂರಿಸ್ತಿದ್ದೀಯಾ?"

"ನಿಮಗೆ ಗೊತ್ತಾಗಲ್ಲ ಅತ್ತಿಗೆ. ಇಡೀ ಬೀದಿ ನನ್ನ ಮಾತು ನಂಬ್ಕೊಂಡಿದೆ."

"ಅಳತೆ ತಪ್ಪಿದ್ರೆ ನಾನು ಹೊಲಿಗೆ ಬಿಚ್ತೀನಿ. ಹಾಕ್ಕೊಳ್ಳೋರ ತೋಳು ಕತ್ತರಿಸಲ್ಲ."

ಗಾಜಿನಾಚೆ, ಖಾಲಿ ಚೀಲವೊಂದನ್ನು ಬೀಸುತ್ತ ಭಾವಮೈದುನ ಸ್ಟುಡಿಯೊದ ಮೆಟ್ಟಿಲೇರುತ್ತಿದ್ದ. ಸಿದ್ಧಾಂತಿ ಚಪ್ಪಲಿ ಮೆಟ್ಟುವುದನ್ನೂ ಮರೆತು ಬೀದಿ ದಾಟಿದ. ಕಾರ್ಡು ಬಿಚ್ಚಲು ಸ್ಕ್ರೂ ತಿರುಗಿಸಹೊರಟಿದ್ದ ಸ್ಟುಡಿಯೊದವನ ಕೈ ಹಿಡಿದು, ನೆಲದ ಮೇಲೆ ಮಂಡಿಯೂರಿ, ಕಣ್ಣಾರೆ ನೋಡಿ ತಂತಿಯನ್ನು ಕೆಳಗಿನ ಕಿಂಡಿಗೆ ಬದಲಾಯಿಸಿದ. ಪರದೆಯ ಮೇಲೆ ಮದುಮಗಳು ತಡವರಿಸದೆ ನಕ್ಕಳು.

ಸ್ಟುಡಿಯೊದವನು ಬಾಯಿ ತೆರೆದ. "ಏನ್ ಮಾಡಿದ್ಯೋ ಮಾರಾಯ?"

ಕೈಗುಣವೆಂದು ಹೇಳಿ ಪಾರಾಗುವ ದಾರಿ ಎದುರಿಗೇ ಇತ್ತು. ಸಿದ್ಧಾಂತಿ ಎದ್ದು ಮಂಡಿಯ ಧೂಳು ಕೊಡವಿಕೊಂಡ. "ಏನೂ ಮಾಡಿಲ್ಲ. ಆವತ್ತು ತಪ್ಪು ಕಿಂಡಿಗೆ ಚುಚ್ಚಿದ್ದೆ. ನಂದಕ್ಕೂ ಹಂಗೇ, ಎರಡು ವರ್ಷದಿಂದ."

ಸ್ಟುಡಿಯೊದವನು ನಕ್ಕ ನಗೆಗೆ ಕನ್ನಡಕ ಕಳಚಿ ಬಿತ್ತು. ಭಾವಮೈದುನ ಮಾತ್ರ ನಗಲಿಲ್ಲ, ಖಾಲಿ ಚೀಲವನ್ನು ಮಡಚಿಕೊಂಡು, "ಇನ್ನೊಂದು ಗಂಟೆ ಬಿಟ್ಟು ಸತ್ಯ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಹೊರಟ.

ಮರುದಿನ ಬೆಂಚು ಎಂದಿಗಿಂತ ಹೆಚ್ಚು ತುಂಬಿತ್ತು. ಹಂಗಿಸಲು ಬಂದವರಿಗೆ ಸಿದ್ಧಾಂತಿ ಎಡೆಯನ್ನೇ ಕೊಡಲಿಲ್ಲ. "ಒಂದೇ ಥರದ ಎರಡು ಕಿಂಡಿ ಇಟ್ಟು, ಯಾವುದು ಯಾವುದಕ್ಕೆ ಅಂತ ಬರೀದೆ ಬಿಡೋದು ಯಾವ ಸೀಮೆ ಬುದ್ಧಿ ರೀ? ಈ ಕಂಪನಿಯವರು..." ಎಂದು ಹೊಸ ಮತವೊಂದನ್ನು ಸ್ಥಾಪಿಸತೊಡಗಿದ. ಕೇಳುಗರು ಮೆಲ್ಲನೆ ತಲೆದೂಗಲೂ ಆರಂಭಿಸಿದರು.

ಅತ್ತಿಗೆ ಹಲ್ಲಿನಿಂದ ನೂಲು ಕಡಿದಳು. "ಕೇಳಿ, ಕೇಳಿ. ಆದ್ರೆ ನಿಮ್ಮ ನಿಮ್ಮ ಮನೆ ಯಂತ್ರಕ್ಕೆ ತಂತಿ ಹಾಕ್ಕೊಟ್ಟಿದ್ದು ಯಾರು ಅಂತ ಒಂಚೂರು ಜ್ಞಾಪಿಸ್ಕೊಳ್ಳಿ."

ಅರೆನಿಮಿಷದಲ್ಲಿ ಬೆಂಚು ಬರಿದಾಯಿತು.