ಸಾಯಬಣ್ಣನ ಖೋಲಿ ಮಾರಾಟ

ಭಾಂಡುಪಿನ ಗುಡ್ಡದ ಮೇಲೆ ನಮ್ಮ ಚಾಳಿನ ತುದಿಗೆ ಸಾಯಬಣ್ಣನ ಖೋಲಿ ಇತ್ತು. ಅವನು ಸಿಂದಗಿ ಕಡೆಯ ಗೌಂಡಿ. ವಾರವೆಲ್ಲ ಇನ್ನೊಬ್ಬರ ಬಿಲ್ಡಿಂಗಿಗೆ ಇಟ್ಟಿಗೆ ಇಟ್ಟು, ರವಿವಾರ ತನ್ನ ಗೋಡೆ ತಾನೇ ಕಟ್ಟಿಕೊಂಡವನು. ಮಳೆಗಾಲದಲ್ಲಿ ನಮ್ಮೆಲ್ಲರ ಖೋಲಿಗಳಲ್ಲಿ ಪಾತೇಲಿ, ಬಕೆಟ್ಟು ಇಟ್ಟು ಸೋರುವ ನೀರು ಹಿಡಿಯುತ್ತಿದ್ದರೆ ಅವನ ಖೋಲಿ ಬೆಚ್ಚಗಿರುತ್ತಿತ್ತು. ಗಾಳಿ ಚೆನ್ನಾಗಿ ಬರುತ್ತಿತ್ತು, ನಳವೂ ಹತ್ತಿರ. ಇಂಥ ಖೋಲಿಯನ್ನು ಮಾರಲು ಅವನು ಎಪ್ಪತ್ಮೂರರ ದೀಪಾವಳಿಯಿಂದ ಮುಂದಿನ ಮಳೆಗಾಲದವರೆಗೆ ಒದ್ದಾಡಿದ.

ಅಡ್ಡಿಯಾಗಿದ್ದು ಒಳಗೆ ಮಲಗಿದ್ದ ಮಂದಿ.

ಸಾಯಬಣ್ಣನ ಬಾಯಲ್ಲಿ ‘ಇಲ್ಲ’ ಎಂಬ ಮಾತು ಬರುತ್ತಿರಲಿಲ್ಲ. ಅವನ ಊರಿನಿಂದ, ಪಕ್ಕದ ಊರಿನಿಂದ, ಆ ಪಕ್ಕದ ಊರಿಗೆ ಹೆಣ್ಣು ಕೊಟ್ಟ ಊರಿನಿಂದ ಮುಂಬಯಿಗೆ ದುಡಿಯಲು ಬಂದವರೆಲ್ಲ ಮೊದಲು ಗಂಟು ಇಳಿಸುತ್ತಿದ್ದದ್ದು ಅವನಲ್ಲೇ. ಕೆಲಸ ಸಿಕ್ಕ ಮೇಲೆ ಹೋಗುತ್ತೇವೆ ಅನ್ನುತ್ತಿದ್ದರು. ಸಿಕ್ಕ ಮೇಲೆ, ಕೆಲಸಕ್ಕೆ ಇದೇ ಹತ್ತಿರ ಅನ್ನುತ್ತಿದ್ದರು. ಹಗಲು ಪಾಳಿಯವರು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವರು ಬಂದು ಮಲಗುವರು. ಚಾಪೆ ಆರುತ್ತಲೇ ಇರಲಿಲ್ಲ. ಇವರೆಲ್ಲರಲ್ಲಿ ಹಳಬ ಬಂಡೆಪ್ಪ. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಅವನದು. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವನಿಗೆ ಅಲ್ಲೇ ತಲೆ ನರೆಯತೊಡಗಿತ್ತು.

ಇಷ್ಟು ಮಂದಿಗೂ ರೊಟ್ಟಿ ಬಡಿಯುತ್ತಿದ್ದವಳು ಸಾಯಬಣ್ಣನ ಹೆಂಡತಿ ಭಾಗವ್ವ. ಒಮ್ಮೆ ನನ್ನ ಹೆಂಡತಿಯ ಮುಂದೆ, “ಮುಂಬೈಗೆ ಬಂದಾಗಿಂದ ಒಂದ್ ದಿನಾನೂ ಕದಾ ಹಾಕ್ಕೊಂಡು ತಲಿ ಬಾಚಿಲ್ಲ ನೋಡ್ರಿ” ಅಂದಿದ್ದಳು.

ಆ ವರ್ಷ ಸಾಯಬಣ್ಣನ ಕಂತ್ರಾಟುದಾರನ ಕೆಲಸವೆಲ್ಲ ಮಲಾಡಿನ ಕಡೆ ಹೋಯಿತು. ದಿನವೂ ದಾದರಿನಲ್ಲಿ ಇಳಿದು ಗಾಡಿ ಬದಲಿಸಿ ಹೋಗಿ ಬರುವುದರಲ್ಲೇ ಅವನು ಸೋತುಹೋದ. ಅಲ್ಲೇ ಒಂದು ಖೋಲಿ ಸಿಗುತ್ತದೆಂದು ಯಾರೋ ಹೇಳಿದರು.

“ಹೋಗಿ ನೋಡಿ ಬಂದೆ,” ಎಂದ ಹೆಂಡತಿಗೆ. “ಭಾಳ ಸಣ್ಣದೈತಿ. ಇಬ್ಬರು ಮಲಗಿದ್ರ ಮೂರನೇದವ್ರಿಗೆ ಕಾಲು ಚಾಚಾಕ ಜಾಗಿಲ್ಲ.”

“ಅದಽ ಬೇಕು,” ಎಂದಳು ಭಾಗವ್ವ.

ಮೊದಲ ಗಿರಾಕಿಯನ್ನು ಕರೆತಂದವನು ನಾನೇ. ಘಾಟ್ಕೋಪರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಉಡುಪಿ ಕಡೆಯ ಕೊರಗಪ್ಪ. ಮದುವೆ ನಿಶ್ಚಯವಾಗಿತ್ತು, ಹೋಟೆಲಿನ ಅಟ್ಟದ ಮೇಲೆ ಹೆಂಡತಿಯನ್ನು ಇಡುವಂತಿರಲಿಲ್ಲ. ಅವನು ಗೋಡೆ ತಟ್ಟಿ ನೋಡಿದ, ಮೇಲಿನ ತಗಡಿನ ಪತ್ರಾ ನೋಡಿದ, ತಲೆ ಆಡಿಸಿದ. ಆಮೇಲೆ ನೆಲ ನೋಡಿದ.

“ರೂಮು ಅಡ್ಡಿಲ್ಲ ಮಾರಾಯ್ರೆ. ಇವ್ರೆಲ್ಲ ಯಾರು?”

“ನಮ್ಮೂರ ಮಂದಿ.”

“ಯಾವಾಗ ಹೋಗ್ತಾರೆ?”

ಸಾಯಬಣ್ಣ ಸ್ವಲ್ಪ ಯೋಚಿಸಿ ನಿಜವನ್ನೇ ಹೇಳಿದ. “ಹೋಗ್ತೀನಿ ಅಂದವ್ರು ಹೋಗ್ಯಾರ್ರಿ. ಇವ್ರು ಇನ್ನಾ ಅಂದಿಲ್ಲ.”

ಗುಡ್ಡ ಇಳಿಯುವಾಗ ಕೊರಗಪ್ಪ ನನಗೆ ಬುದ್ಧಿ ಹೇಳಿದ. “ಈ ಊರಲ್ಲಿ ಒಮ್ಮೆ ಒಳಗೆ ಮಲಗಿದವ್ರನ್ನು ಎಬ್ಬಿಸ್ಲಿಕ್ಕೆ ಕೋರ್ಟಿಂದಲೂ ಆಗುದಿಲ್ಲ. ನಾನು ಮದುವೆ ಆಗುದು ಒಬ್ಬಳನ್ನು.”

ಎರಡನೆಯವನು ಪೋಸ್ಟ್ ಆಫೀಸಿನ ಮರಾಠಿ ಗುಮಾಸ್ತ. ಮಧ್ಯಾಹ್ನ ಬಂದ. ಭಾಗವ್ವ ನಳಕ್ಕೆ ಹೋಗಿದ್ದಳು. ಬಾಗಿಲಲ್ಲಿ ನೆರಳು ಕಂಡ ಬಂಡೆಪ್ಪ, ಹೊದಿಕೆಯಿಂದ ಮುಖ ತೆಗೆಯದೆ, ಊರಿನಿಂದ ಬಂದ ಇನ್ನೊಬ್ಬನೆಂದು ತಿಳಿದು ಆತಿಥ್ಯಕ್ಕಿಳಿದ. “ಚಪ್ಪಲಿ ಹೊರಗ ಬಿಡು ತಮ್ಮಾ. ಆ ಮೂಲ್ಯಾಗ ಜಾಗಾ ಐತಿ, ಅಡ್ಡಾಗು. ಸಂಜಿಮುಂದ ಮಾತಾಡೂಣು.” ಗುಮಾಸ್ತನಿಗೆ ಕನ್ನಡ ಬಾರದು. ಆದರೆ ಹೊದಿಕೆಯೊಳಗಿಂದ ಹೊರಬಂದ ಕೈ ಮೂಲೆ ತೋರಿಸಿದ್ದು ಅರ್ಥವಾಯಿತು. ಮತ್ತೆ ಬರಲಿಲ್ಲ.

ಭಾಗವ್ವ ಇನ್ನು ಗಂಡನನ್ನು ನಂಬಿದರೆ ಆಗದೆಂದು ತಾನೇ ಮುಂದಾದಳು. ಒಂದು ರವಿವಾರ ಎಲ್ಲರಿಗೂ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ, “ಇಷ್ಟು ವರ್ಷ ಮುಂಬೈದಾಗ ಇದ್ದು ಸಮುದ್ರ ನೋಡಿಲ್ಲಂದ್ರ ಊರಾಗ ನಗ್ತಾರ” ಎಂದು ಜುಹುಗೆ ಅಟ್ಟಿದಳು. ಟ್ರಂಕು, ಚಾಪೆಗಳನ್ನೆಲ್ಲ ನಮ್ಮ ಖೋಲಿಗೆ ಸಾಗಿಸಿದಳು. ನಾವು ಅಂದು ನಿಂತೇ ಊಟ ಮಾಡಿದೆವು. ಸಾಯಬಣ್ಣ ಗೋಡೆಗೆ ಸುಣ್ಣ ಬಳಿದಿದ್ದ. ಖಾಲಿ ಖೋಲಿ ನೋಡಿ ಅವನೇ ಬೆರಗಾಗಿ, ಇಷ್ಟು ದೊಡ್ಡದು ಕಟ್ಟಿದ್ದೆನೇ ಎಂದು ಒಳಗೆ ಆ ಕಡೆ ಈ ಕಡೆ ನಡೆದು ನೋಡಿದ.

ಬಂದ ಗಂಡ ಹೆಂಡತಿ ಗದಗಿನ ಕಡೆಯವರು. ಹೆಂಡತಿ ಆಗಲೇ ಒಲೆ ಎಲ್ಲಿ, ದೇವರ ಗೂಡು ಎಲ್ಲಿ ಎಂದು ಲೆಕ್ಕ ಹಾಕತೊಡಗಿದ್ದಳು. ಭಾಗವ್ವ ಚಹಾ ಕೊಟ್ಟಳು. ಮಾತು ಮುಗಿಯಬೇಕು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಜೋಳದ ಚೀಲವೊಂದು ಧೊಪ್ಪೆಂದು ಇಳಿಯಿತು. ಹಿಂದೆ ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದು ಕೋಳಿ.

“ಸಾಯಬಣ್ಣನ ಮನಿ ಇದಽ ಏನ್ರಿ? ನಾ ಮುರಿಗೆಪ್ಪ. ನಿಮ್ಮ ಮಾವನ ಹೊಲದ ಬಾಜೂದವ.”

ಭಾಗವ್ವ ಗಂಡನನ್ನೇ ದಿಟ್ಟಿಸಿದಳು. ‘ಅಲ್ಲ, ಮುಂದಿನ ಓಣಿ’ ಎಂದರೆ ಮುಗಿಯುತ್ತಿತ್ತು. ಸಾಯಬಣ್ಣನಿಗೂ ಅದು ಗೊತ್ತಿತ್ತು. ಅವನು ಗಿರಾಕಿಗಳನ್ನು ನೋಡಿದ, ಹೆಂಡತಿಯನ್ನು ನೋಡಿದ, ಗಾಡಿಯ ಹೊಗೆಗೆ ಕಪ್ಪಾಗಿದ್ದ ಮುರಿಗೆಪ್ಪನ ಮುಖ ನೋಡಿದ.

“ಬಾ, ಕುಂದ್ರು,” ಎಂದ. “ಉಂಡಿ ಇಲ್ಲೊ?”

“ಇಲ್ಲಣ್ಣಾ. ಹಿಂದಿನ ಗಾಡಿಗೆ ನಮ್ಮ ಅಳ್ಯಾನೂ ಬರಾಕತ್ತಾನ.”

ಗದಗಿನವರು ಅರ್ಧ ಕುಡಿದ ಚಹಾ ಬಿಟ್ಟು ಎದ್ದರು.

ಭಾಗವ್ವ ಅಳಲಿಲ್ಲ, ಕೂಗಾಡಲಿಲ್ಲ. ಮುರಿಗೆಪ್ಪನಿಗೂ ಅವನ ಹೆಂಡತಿಗೂ ಬಡಿಸಿ, ಕೋಳಿಗೆ ಕಾಳು ಹಾಕಿ, ಆಮೇಲೆ ಗಂಡನಿಗೆ ಹೇಳಿದಳು. “ಮನಿ ಮಾರಬ್ಯಾಡ್ರಿ ಇನ್ನ. ಧರ್ಮಶಾಲಿ ಅಂತ ಬೋರ್ಡ್ ಬರಸ್ರಿ.” ಆ ಮೇಲೆ ಬಹಳ ದಿನ ಅವನೊಡನೆ ಮಾತಾಡಲಿಲ್ಲ. ಹೇಳುವುದಿದ್ದರೆ ಬಂಡೆಪ್ಪನಿಗೆ ಹೇಳುವಳು, ಬಂಡೆಪ್ಪ ಪಕ್ಕದಲ್ಲೇ ಕುಳಿತ ಸಾಯಬಣ್ಣನಿಗೆ ದಾಟಿಸುವನು.

ಮಳೆ ಹಿಡಿದ ಮೇಲೆ ಬಂದವಳು ರುಕ್ಮಿಣಿಬಾಯಿ. ಬಾಗಲಕೋಟೆ ಕಡೆಯ ವಿಧವೆ, ಗಟ್ಟಿ ಹೆಂಗಸು. ಘಾಟ್ಕೋಪರಿನಲ್ಲಿ ಖಾನಾವಳಿ ನಡೆಸುತ್ತಿದ್ದಳು, ಮಾಲೀಕ ಜಾಗ ಬಿಡಿಸಿದ್ದ. ಅವಳು ಗೋಡೆಯನ್ನು ತಟ್ಟಲಿಲ್ಲ, ಸೋರುತ್ತದೆಯೇ ಎಂದೂ ಕೇಳಲಿಲ್ಲ. ನೆಲದ ಮೇಲಿದ್ದವರನ್ನು ಒಬ್ಬೊಬ್ಬರನ್ನಾಗಿ ಸಾವಕಾಶ ನೋಡಿದಳು.

“ನಿಮ್ಮ ಊಟದ್ದು ಹ್ಯಾಂಗ?” ಎಂದು ಬಂಡೆಪ್ಪನನ್ನು ಕೇಳಿದಳು.

“ಭಾಗವ್ವಕ್ಕ ಮಾಡ್ತಾಳ್ರಿ.”

“ಆಕಿ ಮಲಾಡಕ್ಕ ಹೋದಮ್ಯಾಲೆ?”

ಬಂಡೆಪ್ಪ ಮುರಿಗೆಪ್ಪನ ಮುಖ ನೋಡಿದ. ಆ ಯೋಚನೆ ಅವರಲ್ಲಿ ಒಬ್ಬರಿಗೂ ಬಂದಿರಲಿಲ್ಲ.

ರುಕ್ಮಿಣಿಬಾಯಿ ಸಾಯಬಣ್ಣನ ಕಡೆ ತಿರುಗಿದಳು. “ಮನಿ ನನಗ ಪಸಂದ ಐತಿ. ಆದರ ಒಂದ್ ಕರಾರು. ಈ ಮಂದಿ ಇಲ್ಲೇ ಇರಬೇಕು. ಬರೇ ಖೋಲಿ ತಗೊಂಡು ನಾ ಏನ್ ಮಾಡ್ಲಿ?”

ಮಾರಾಟ ಕೂಡಿ ಬಂತಲ್ಲ ಎಂದು ಭಾಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆದರೆ ಬಂಡೆಪ್ಪನಿಗೆ ಸಿಟ್ಟು ಬಂತು. “ಎತ್ತು ಮಾರಿದಂಗ ನಮ್ಮನ್ನ ಮಾರಾಕತ್ತಿ ಏನಣ್ಣಾ? ನಮ್ಮನ್ನೊಂದ್ ಮಾತು ಕೇಳಬೇಕೊ ಬ್ಯಾಡೊ?”

ಸಾಯಬಣ್ಣ ಇಕ್ಕಟ್ಟಿಗೆ ಸಿಕ್ಕಿದ. ಮಾರಬೇಕು, ಬಂದವರ ಮನಸ್ಸೂ ನೋಯಬಾರದು. ಕಡೆಗೆ ರುಕ್ಮಿಣಿಬಾಯಿಯೇ ದಾರಿ ತೆಗೆದಳು. ಮರುದಿನ ಎಣ್ಣೆಗಾಯಿ ಬದನೆಕಾಯಿ ಮಾಡಿಕೊಂಡು ಬಂದು ಎಲ್ಲರಿಗೂ ಬಡಿಸಿದಳು. ಬಂಡೆಪ್ಪ ಎರಡು ಸಲ ಹಾಕಿಸಿಕೊಂಡ. ಕೈ ತೊಳೆದು ಬಂದು, ಊರ ಮಂದಿಯ ಪರವಾಗಿ, “ಆತು, ಇರ್ತೀವಿ. ಆದರ ನನ್ನ ಮೂಲಿ ಯಾರೂ ಮುಟ್ಟಬಾರದು,” ಎಂದ. ಅವನು ಮೂಲೆಗೆ ಬಾಡಿಗೆ, ಊಟಕ್ಕೆ ದುಡ್ಡು ಎಂದು ಕೊಡತೊಡಗಿದ್ದು ಆಗಿನಿಂದಲೇ. ಕೊಡುವಾಗಲೆಲ್ಲ ಭಾಗವ್ವಕ್ಕನ ಕಾಲದಲ್ಲಿ ಹೀಗಿರಲಿಲ್ಲ ಎನ್ನುತ್ತಿದ್ದ.

ಸಾಯಬಣ್ಣ, ಭಾಗವ್ವ ಖೋಲಿ ಬಿಟ್ಟುಹೋದ ಹದಿನೈದು ದಿನಕ್ಕೆ ನಾನು ಮಲಾಡಿಗೆ ಹೋದೆ. ಸಂಜೆಯ ಹೊತ್ತು. ಮೈಯೆಲ್ಲ ಸಿಮೆಂಟಾಗಿದ್ದ ಸಾಯಬಣ್ಣ ಹೊಸ ಖೋಲಿಯ ಮೆಟ್ಟಿಲ ಮೇಲೆ ಕುಳಿತಿದ್ದ. ಕದ ಮುಚ್ಚಿತ್ತು.

“ಭಾಗವ್ವ ಎಲ್ಲಿಗಾದ್ರೂ ಹೋಗ್ಯಾಳೇನು?” ಎಂದು ಕೇಳಿದೆ.

“ಇಲ್ಲ, ಒಳಗಽ ಅದಾಳ,” ಎಂದ, ಬೀಡಿ ಹಚ್ಚುತ್ತ. “ತಲಿ ಬಾಚಾಕತ್ತಾಳ. ಕುಂದ್ರು, ಇನ್ನಾ ಹೊತ್ತಾಗ್ತದ.”