ಒಂದು ತೊಲೆಯ ಕೆಳಗೆ ಎರಡು ಪುರುಡು

ನನ್ನ ನೆಗೆಣ್ಣಿ ಹಡೆಯುವುದೆಂದರೆ ಕೋಳಿ ಮೊಟ್ಟೆ ಇಟ್ಟಷ್ಟು ಸಲೀಸು ಎಂದು ಕೌತಾಳದ ನಮ್ಮ ಓಣಿಯಲ್ಲಿ ಎಲ್ಲರೂ ಅನ್ನುತ್ತಿದ್ದರು. ಆಕೆ ನನ್ನ ಮೈದುನನ ಹೆಂಡತಿ. ಆ ಮನೆಗೆ ನಾನು ದೊಡ್ಡ ಸೊಸೆಯಾಗಿ ಮೊದಲು ಬಂದವಳು, ಆಕೆ ನನ್ನ ಹಿಂದೆ ಬಂದವಳು. ಬಂದವಳೇ ನನ್ನನ್ನು ದಾಟಿಕೊಂಡು ಮುಂದೆ ಹೋಗಿಬಿಟ್ಟಳು. ಮೊದಲು ಒಂದು ಗಂಡು, ಅದರ ಬೆನ್ನಿಗೇ ಒಂದು ಹೆಣ್ಣು. ನಮ್ಮ ಅತ್ತೆ ಕಟ್ಟೆಯ ಮೇಲೆ ಕೂತು ಹೋಗಿ ಬರುವವರಿಗೆಲ್ಲ ಅದೇ ಕಥೆ ಹೇಳುತ್ತಿದ್ದರು: “ನಮ್ಮ ಸಣ್ಣಾಕೀನ ನೋಡ್ರವ್ವಾ, ಮುಂಜಾನಿ ರೊಟ್ಟಿ ಬಡಿದ್ಲು, ಮಧ್ಯಾಹ್ನಕ್ಕ ಹಡೆದ್ಲು. ಬಾಜೂ ಮನಿಯವ್ರಿಗೆ ಕೂಸು ಅತ್ತಿದ್ದು ಕೇಳ್ತೇ ಹೊರತು ಈಕಿ ಅತ್ತಿದ್ದು ಕೇಳ್ಲಿಲ್ಲ.”

ಅದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಡುವುದೇನು? ಉರಿಯುತ್ತಿತ್ತು, ಅಷ್ಟೇ. ಆಕೆಯ ಮಗ ಹೊಸ್ತಿಲ ಮೇಲೆ ಕೂತು ರೊಟ್ಟಿಯ ಚೂರು ಜಗಿಯುತ್ತಿದ್ದರೆ ನಾನು ಆ ಹೊಸ್ತಿಲನ್ನು ಬಿಟ್ಟು ಹಿತ್ತಲ ಬಾಗಿಲಿಂದ ಓಡಾಡುತ್ತಿದ್ದೆ.

ನನ್ನ ಮೊದಲ ಹೆರಿಗೆ ತವರಿನಲ್ಲಿ, ನಾಗಲದಿನ್ನೆಯಲ್ಲಿ, ಹೊಳೆಯ ದಂಡೆಯ ಮನೆಯಲ್ಲಿ. ಬ್ಯಾನೆ ಶುರುವಾಗಿ ಹಗಲು ರಾತ್ರಿ ಒಂದಾದವು, ಕೂಸು ಮಾತ್ರ ಹೊರಗೆ ಬರಲಿಲ್ಲ. ಸೂಲಗಿತ್ತಿ ಕೊನೆಗೆ ಕೈ ತೊಳೆದುಕೊಂಡು, “ಯವ್ವಾ, ಇದು ನನ್ನ ಕೈಲಿ ಆಗಂಗಿಲ್ಲ, ಗಾಡಿ ಕಟ್ರಿ,” ಅಂದಳು. ಎಮ್ಮಿಗನೂರಿನವರೆಗೆ ಗಾಡಿಯಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಆದೋನಿಗೆ ಒಯ್ದರು. ಬಸ್ಸಿನ ಬೋರ್ಡಿನ ಮೇಲೆ ಆದೋನಿ ಎಂದಿರುತ್ತಿತ್ತು, ನಮ್ಮ ಬಾಯಲ್ಲಿ ಅದು ಆದವಾನಿ. ಅಲ್ಲಿನ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಇಕ್ಕಳ ಹಾಕಿ ತೆಗೆದರು. ಗಂಡು ಕೂಸು. ಅಳಲೇ ಇಲ್ಲ. ನಾನು ಏಳುವ ಹೊತ್ತಿಗೆ ನನ್ನಪ್ಪ ಅದನ್ನು ಮಣ್ಣು ಮಾಡಿ ಬಂದು ಕೈಕಾಲು ತೊಳೆದುಕೊಂಡಿದ್ದ.

ಡಾಕ್ಟರಮ್ಮ ಆಗಲೇ ಹೇಳಿದ್ದರು: ನಿನ್ನ ಎಲುಬಿನ ದಾರಿ ಸಣ್ಣದು, ಮುಂದಿನ ಸಲ ಬ್ಯಾನೆ ಬರುವ ಮೊದಲೇ ಇಲ್ಲಿಗೆ ಬಂದು ಇರಬೇಕು, ಹೊಟ್ಟೆ ಕೊಯ್ದು ತೆಗೆಯಬೇಕಾದೀತು. ನನ್ನ ಕಿವಿಯಲ್ಲಿ ನಿಂತದ್ದು ಕೊಯ್ಯುವ ಮಾತೊಂದೇ. ಕೊಯ್ದ ಹೊಟ್ಟೆಯವಳು ಕೊಡ ಎತ್ತಲಾರಳು, ಕಸ ಹೊಡೆಯಲಾರಳು ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು.

ಆಂಧ್ರ ಬೇರೆ ರಾಜ್ಯವಾದ ಹೊಸದರಲ್ಲಿ ನಾನು ಮತ್ತೆ ಬಸುರಾದೆ. ಕುಣಿಯಬೇಕು ಅನ್ನುವಷ್ಟು ಸಂತೋಷವಾಯಿತು. ಆ ಸಂತೋಷ ಹದಿನೈದು ದಿನವೂ ಉಳಿಯಲಿಲ್ಲ. ನೆಗೆಣ್ಣಿಯೂ ಬಸುರು! ಅಯ್ಯೋ ಶಿವನೇ, ಆಕೆಗೆ ಈಗಾಗಲೇ ಎರಡಿದ್ದವಲ್ಲ, ನನ್ನ ಸರದಿಯಲ್ಲೇ ಆಕೆಗೂ ಆಗಬೇಕಿತ್ತೇ? ದಿನ ಎಣಿಸಿ ನೋಡಿದರೆ ಇಬ್ಬರದೂ ಹೆಚ್ಚುಕಡಿಮೆ ಒಂದೇ ತಿಂಗಳಿಗೆ ಬರುತ್ತಿತ್ತು.

ಅತ್ತೆ ಪಡಸಾಲೆಯಲ್ಲಿ ಕೂತು ಪಂಚಾಯ್ತಿ ಮುಗಿಸಿಬಿಟ್ಟರು. “ಒಂದು ತೊಲಿ ಕೆಳಗ ಯಲ್ಡು ಹೆರಿಗಿ ಆಗಬಾರ್ದು, ಹಿರೇರು ಹೇಳ್ಯಾರ. ಒಬ್ಬಾಕಿ ಮನಿ ಬಿಟ್ಟು ಹಡೀಬೇಕು. ಸಣ್ಣಾಕಿಗೆ ತಾಯಿಲ್ಲ, ತವರಿಲ್ಲ. ಆಕಿ ಮನ್ಯಾಗ ಹಡೀಲಿ, ಆಕಿಗೇನು, ಉಸ್ ಅನ್ನೋದ್ರಾಗ ಮುಗೀತೈತಿ. ದೊಡ್ಡಾಕಿ ದವಾಖಾನಿಗೆ ಹೋಗ್ಲಿ.”

“ನಾ ಹೋಗಂಗಿಲ್ಲ,” ಅಂದೆ.

“ಯಾಕ ಹೋಗಂಗಿಲ್ಲ? ಡಾಕ್ಟರಮ್ಮ ಹೇಳಿಲ್ಲೇನು?”

“ಹೇಳ್ಲಿ. ನಾ ಈ ಮನಿ ದೊಡ್ಡ ಸೊಸಿ. ನಾ ಇಲ್ಲೇ ಹಡೀತೀನಿ, ಅದೇ ಕ್ವಾಣ್ಯಾಗ.”

ಹಿತ್ತಲ ಕೋಣೆ ನನಗೆ ಬೇಕಿತ್ತು. ಆಕೆ ಎರಡು ಸಲ ಹಡೆದ ಕೋಣೆ, ಆಕೆ ಮಲಗಿದ್ದ ಹೊರಸು, ಆಕೆಯ ಸೂಲಗಿತ್ತಿ, ಎಲ್ಲ ನನಗೆ ಬೇಕಿದ್ದವು. ಒಂದೇ ಒಂದು ಸಲ ಓಣಿಯವರು ನನ್ನನ್ನೂ ನೋಡಿ, “ದೊಡ್ಡಾಕೀನೂ ಏನು ಕಡಿಮಿ ಇಲ್ಲ ಬಿಡ್ರಿ,” ಅನ್ನಬೇಕಿತ್ತು. ಸತ್ತರೆ? ಸತ್ತರೆ ಸತ್ತೆ ಎಂದುಕೊಂಡಿದ್ದೆ. ಹೊಟ್ಟೆಯಲ್ಲಿದ್ದ ಕೂಸಿಗೂ ಅದೇ ಗತಿ ಎಂಬುದು ರಾತ್ರಿ ಮಲಗಿದಾಗ ನೆನಪಾಗುತ್ತಿತ್ತು, ಬೆಳಿಗ್ಗೆ ಆಕೆಯ ಮುಖ ಕಂಡ ಕೂಡಲೇ ಮರೆತುಹೋಗುತ್ತಿತ್ತು. ನಮ್ಮ ಮನೆಯವರು ಸಾಲಿ ಮಾಸ್ತರರು, ಮೂವತ್ತು ಹುಡುಗರನ್ನು ಗದರಿಸುವ ಗಂಟಲು ಮನೆಗೆ ಬಂದ ಮೇಲೆ ಎಲ್ಲಿ ಹೋಗುತ್ತಿತ್ತೋ! “ನಿನಗ ಹೆಂಗ ತಿಳೀತೈತೋ ಹಂಗ ಮಾಡು,” ಅಂದರು. ಅದಕ್ಕಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು.

ಒಮ್ಮೆ ತೋರಿಸಿಕೊಂಡಾದರೂ ಬರೋಣ ಎಂದು ಅತ್ತೆ ಹಟ ಹಿಡಿದರು. ಹೊರಡುವ ದಿನ ನೆಗೆಣ್ಣಿಯೂ ಸೀರೆ ಬದಲಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ನಾನೂ ಬರ್ತೀನತ್ತಿ, ನಂದೂ ಒಂದೀಟು ತೋರಿಸ್ರಿ.”

“ನಿನಗೇನಾಗೈತಿ ಧಾಡಿ? ಗುಂಡುಕಲ್ಲು ಇದ್ದಂಗ ಇದ್ದಿ,” ಅಂದರು ಅತ್ತೆ. ಆದರೂ ಆಕೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ನನ್ನ ಆಸ್ಪತ್ರೆಗೂ ಈಕೆ ಪಾಲಿಗೆ ಬರಬೇಕೇ?

ಆಸ್ಪತ್ರೆಯಲ್ಲಿ ಬಸುರಿಯರ ಸಾಲು ಹೊರಗಿನ ಕಟ್ಟೆಯವರೆಗೂ ಇತ್ತು. ಹೊಸದಾಗಿ ಬಂದಿದ್ದ ನರ್ಸಮ್ಮ ಗುಂಟೂರು ಕಡೆಯವಳಂತೆ. ಆಕೆಯ ತೆಲುಗು ನಮ್ಮ ತೆಲುಗಲ್ಲ. ಸಂತೆಯಲ್ಲಿ, ಸಾಲಿಯಲ್ಲಿ ತೆಲುಗು ಆಡಿಯೇ ಬೆಳೆದವರು ನಾವು, ಆದರೆ ಆಕೆಯ ಮಾತು ರೈಲಿನಂತೆ ಓಡುತ್ತಿತ್ತು. ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಹಳೆಯದನ್ನೆಲ್ಲ ಕೇಳಿ, ತಲೆಯೆತ್ತಿ ಅಂದಳು: “ಏಮ್ಮಾ, ಈ ಪುರುಡು ಎಕ್ಕಡ ಪೋಸುಕುಂಟಾವು? ಇಂಟ್ಲೋನಾ, ಇಕ್ಕಡಾ?”

ಪುರುಡು! ನನ್ನಪ್ಪ ಗುಡಿಯ ಅಂಗಳದಲ್ಲಿ ಪುರಾಣ ಓದಿ ಅರ್ಥ ಹೇಳುತ್ತಿದ್ದವನು. ಇನ್ನೊಬ್ಬಳು ತನಗಿಂತ ಮೊದಲು ಹಡೆದಳೆಂದು ತನ್ನ ಹೊಟ್ಟೆಯನ್ನೇ ಗುದ್ದಿಕೊಂಡ ರಾಣಿಯ ಕಥೆ ಬಂದಾಗ, “ಪುರುಡು ಅಂದ್ರ ಹೊಟ್ಟಿಕಿಚ್ಚು ನೋಡ್ರಪ್ಪಾ, ಮತ್ಸರ,” ಎಂದು ಬಿಡಿಸಿ ಹೇಳುತ್ತಿದ್ದ. ನನಗೆ ಗೊತ್ತಿದ್ದ ಪುರುಡು ಅದೊಂದೇ. ಈ ನರ್ಸಮ್ಮ ನನ್ನ ಮುಖಕ್ಕೇ ಕೇಳುತ್ತಿದ್ದಾಳೆ: ಏನಮ್ಮಾ, ಈ ಹೊಟ್ಟೆಕಿಚ್ಚನ್ನು ಎಲ್ಲಿ ಸುರಿದುಕೊಳ್ಳುತ್ತೀ? ಮನೆಯಲ್ಲೋ, ಇಲ್ಲೋ?

ಯಾರು ಹೇಳಿದರು ಈಕೆಗೆ? ತಿರುಗಿ ನೋಡಿದೆ. ಅತ್ತೆ, ಅತ್ತೆಯ ಪಕ್ಕದಲ್ಲಿ ನೆಗೆಣ್ಣಿ. ನನ್ನ ತಲೆ ಕೆಟ್ಟುಹೋಯಿತು.

“ಹೌದು, ಐತಿ!” ಎಂದು ಕೂಗಿದೆ. “ಹೊಟ್ಟಿಕಿಚ್ಚು ಐತಿ ನನಗ! ಯಾಕಿರಬಾರ್ದು? ಆಕಿಗೆ ಯಲ್ಡು ಕೊಟ್ಟ ದೇವ್ರು ನನಗ ಒಂದು ಕೊಟ್ಟು ಕಸಗೊಂಡ. ಆಕಿ ಹಡೆದ್ರ ಊರೆಲ್ಲ ಹೊಗಳಿಕಿ, ನಾ ಹಡೆದ್ರ ಊರೆಲ್ಲ ಪಾಪ ಪಾಪ! ಮನ್ಯಾಗ ಸುರೀತೀನಿ, ಇಲ್ಲೂ ಸುರೀತೀನಿ, ನೀ ಯಾರು ಕೇಳಾಕ?”

ನರ್ಸಮ್ಮನಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಸಾಲಿನಲ್ಲಿದ್ದ ಗೋನೆಗಂಡ್ಲದ ಹೆಂಗಸೊಬ್ಬಳು ತನ್ನ ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದಳು. “ಯವ್ವಾ, ನಮ್ಮವ್ವಾ, ಪುರುಡು ಅಂದ್ರ ಅವ್ರ ಮಾತಿನಾಗ ಹೆರಿಗಿ. ನಮ್ಮ ಕಡೆ ತೆಲುಗಿನಾಗ ಕಾನ್ಪು ಅಂತೀವಲ್ಲ, ಅದು. ಹೆರಿಗಿ ಎಲ್ಲಿ ಮಾಡಿಸ್ಕೊಂತಿ ಅಂತ ಕೇಳಾಕತ್ತಾಳ.”

ಸಾಲಿಗೆ ಸಾಲೇ ನಕ್ಕಿತು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ನೆಲ ಬಾಯಿ ಬಿಟ್ಟಿದ್ದರೆ ನಾನು ಆಗಲೇ ಇಳಿದುಹೋಗುತ್ತಿದ್ದೆ. ನಗದೆ ಇದ್ದವಳು ನೆಗೆಣ್ಣಿ ಒಬ್ಬಳೇ.

ಅತ್ತೆ ಔಷಧದ ಕಿಟಕಿಯಲ್ಲಿ ನಿಂತಿದ್ದಾಗ ನಾವಿಬ್ಬರೂ ಬೇವಿನ ಮರದ ಕೆಳಗೆ ಕೂತೆವು. ಆಮೇಲೆ ಆಕೆ ಕಡ್ಡಿಯಿಂದ ಮಣ್ಣು ಕೆದಕುತ್ತ ಅಂದಳು: “ಅಕ್ಕಾ, ನಿನಗ ನನ್ನ ಮ್ಯಾಲ ಹೊಟ್ಟಿಕಿಚ್ಚಾ? ಛೀ, ನನ್ನ ಮ್ಯಾಲ ಏನೈತಿ ಅಂತ? ನನಗ ನಿನ್ನ ಮ್ಯಾಲ ಐತಿ.”

“ನನ್ನ ಮ್ಯಾಲಾ? ಸತ್ತ ಕೂಸು ಹಡೆದಾಕಿ ಮ್ಯಾಲಾ?”

“ಬೈಬ್ಯಾಡ, ಕೇಳು. ನಿನಗ ತ್ರಾಸಾತು, ನಿಮ್ಮಪ್ಪ ಗಾಡಿ ಕಟ್ಟಿದ. ನಿಮ್ಮವ್ವ ತಿಂಗಳಗಟ್ಟಲೆ ತೊಡಿ ಮ್ಯಾಲ ಮಲಗಿಸ್ಕೊಂಡ್ಲು. ನನಗ ಯಾರು ಅದಾರ? ನಾ ಅಳೂದು ಕೇಳ್ಲಿಲ್ಲ ಅಂತಾರಲ್ಲ, ಸೆರಗು ಬಾಯಾಗ ತುರುಕ್ಕೊಂಡಿದ್ದೆ. ಅತ್ತಿದ್ರ ಯಾರು ಬರ್ತಿದ್ರು? ಕೋಳಿ ಅಂತಾರ. ಕೋಳಿ ಮೊಟ್ಟಿ ಇಟ್ಟ ಮ್ಯಾಲ ಅದನ್ನ ಯಾರು ಕೇಳ್ತಾರ? ಹೊಲಸು ತೊಳೆದ ಕೈಲೇ ಬೀಸೋ ಕಲ್ಲು ಹಿಡಿದೀನಿ ನಾ.” ಮೂಗೊರೆಸಿಕೊಂಡಳು. “ಒಳಗ ನೋಡಿದ್ಯಾ? ಕಬ್ಬಿಣದ ಮಂಚ, ಬಿಳೀ ಚಾದರ. ಅನ್ನ ಕುಂತಲ್ಲೇ ತಂದು ಕೊಡ್ತಾರಂತ. ಈ ಸಲ ನನಗ್ಯಾಕೋ ಅಂಜಿಕಿ ಆಗಾಕತ್ತೈತಿ. ನಿನ್ನಂಗ ನನಗೂ ಎಲುಬು ಸಣ್ಣದಿದ್ದಿದ್ರ ಇಲ್ಲೇ ಹಡೀತಿದ್ದೆ.”

ಇಂಥ ಮಾತು ಕೇಳಿದರೆ ಒಳ್ಳೆಯವಳಾದವಳ ಎದೆ ಕರಗಬೇಕು. ನನ್ನದೂ ಒಂದಿಷ್ಟು ಕರಗಿತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಬೇರೊಂದು ಆಯಿತು. ಈಕೆಗೆ ಬೇಕಾದದ್ದು, ಸಿಗದೆ ಇರುವುದು, ನನಗೆ ಕರೆದು ಕೊಡುತ್ತಿದ್ದಾರೆ! ಆ ಮಂಚ, ಆ ಚಾದರ, ಆ ಡಾಕ್ಟರಮ್ಮ. ಇಷ್ಟು ದಿನ ಶಿಕ್ಷೆಯಂತೆ ಕಂಡದ್ದು ಒಮ್ಮೆಲೇ ನನ್ನ ಆಸ್ತಿಯಂತೆ ಕಂಡಿತು. ಅತ್ತೆ ಹೇಳಿ, ಡಾಕ್ಟರು ಹೇಳಿ, ಸತ್ತ ಕೂಸು ನೆನಪಿಗೆ ಬಂದು ಹೇಳಿ ಆಗದ್ದು ಆಕೆಯ ಆಸೆಗಣ್ಣಿನಿಂದ ಆಯಿತು. ಎದ್ದು ಒಳಗೆ ಹೋಗಿ ನರ್ಸಮ್ಮನಿಗೆ, “ಇಕ್ಕಡೇ,” ಅಂದೆ.

ಆಮೇಲೆ ನೆಗೆಣ್ಣಿಯ ರಟ್ಟೆ ಹಿಡಿದು ಎಳೆತಂದು, “ಈಕೀದೂ ನೋಡ್ರಿ,” ಎಂದು ನಿಲ್ಲಿಸಿದೆ. ನರ್ಸಮ್ಮ ಮುಟ್ಟಿ ನೋಡಿ, “ಚಾಲಾ ಬಾಗುಂದಿ,” ಅಂದಳು. ನನ್ನ ಹೊಟ್ಟೆಗೆ ಯಾರೂ ಬಹಳ ಚೆನ್ನಾಗಿದೆ ಅಂದಿರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ದಿನ ತುಂಬುವ ಮೊದಲೇ ನನ್ನನ್ನು ಆಸ್ಪತ್ರೆಗೆ ಸೇರಿಸಿದರು. ನಾನಿನ್ನೂ ಮಂಚದ ಮೇಲೆ ಕೂತು ದಿನ ನೂಕುತ್ತಿರುವಾಗಲೇ ಸುದ್ದಿ ಬಂತು: ಸಣ್ಣಾಕಿಗೆ ಗಂಡು, ಬ್ಯಾನೆ ಬಂದದ್ದೂ ಹಡೆದದ್ದೂ ಒಂದೇ. ಆಹಾ, ಅಂಜಿಕೆಯಂತೆ ಅಂಜಿಕೆ!

ಎರಡು ವಾರಕ್ಕೆ ನನ್ನ ಸರದಿ ಬಂತು. ಒರಳಲ್ಲಿ ತಲೆ ಇಟ್ಟ ಮೇಲೆ ಒನಕೆ ಪೆಟ್ಟಿಗೆ ಅಂಜಿದರೆ ಹೇಗೆ ಎಂದುಕೊಂಡು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಹೊಟ್ಟೆಯ ತುಂಬ ಬೆಂಕಿ, ಬಾಯಿ ಒಣಗಿದ ಚಕ್ಕಳ. ಎಲ್ಲಿಂದಲೋ ಅಳು ಕೇಳುತ್ತಿತ್ತು. ನನ್ನ ಕೂಸು ಅಳುತ್ತಿತ್ತು! ಗಂಡು ಮಗ, ಜೀವಂತ. ನಾನೂ ಗೋಳೋ ಎಂದು ಅತ್ತುಬಿಟ್ಟೆ. ಅತ್ತರೆ ಹೊಲಿಗೆ ಬಿಚ್ಚುತ್ತದೆಂದು ನರ್ಸಮ್ಮ ಗದರಿದಳು.

ಮಾರನೆಯ ದಿನವೇ ಜ್ವರ ಏರಿತು. ಎದೆಯಲ್ಲಿ ಹಾಲಿಳಿಯಲಿಲ್ಲ. ಬಿಸಿನೀರಿನ ಶಾಖ ಕೊಟ್ಟರು, ಮೆಂತ್ಯದ ಗಂಜಿ ಕುಡಿಸಿದರು, ಒಂದು ಹನಿ ಇಲ್ಲ. ಆಕಳ ಹಾಲು ಒಳಲೆಯಲ್ಲಿ ಹಾಕಿದರೆ ಮಗ ಅದನ್ನೆಲ್ಲ ಕಕ್ಕುತ್ತಿದ್ದ. ಮೊದಮೊದಲು ಜೋರಾಗಿ ಅಳುತ್ತಿದ್ದವನು ಬರುಬರುತ್ತ ಬೆಕ್ಕಿನ ಮರಿಯಂತೆ ಮಿಯಾಂ ಅನ್ನತೊಡಗಿದ. ತೊಡೆಯ ಚರ್ಮ ಸುಕ್ಕಾಯಿತು. ಡಾಕ್ಟರಮ್ಮ ಬಂದು ನೋಡಿ, ಹಾಲು ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಅತ್ತೆಯನ್ನು ಕೇಳಿದರು. ಅತ್ತೆ ನನ್ನನ್ನು ನೋಡಲಿಲ್ಲ, ಸುಮ್ಮನೆ ಎದ್ದು ಹೋದರು. ಯಾರನ್ನು ತರಲು ಹೋದರೆಂದು ಯಾರೂ ನನಗೆ ಹೇಳಬೇಕಿರಲಿಲ್ಲ.

ಆಕೆ ಬಂದಳು. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಅರಳೆ ಇಟ್ಟುಕೊಂಡು, ಹಸಿ ಬಾಣಂತಿ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದಿದ್ದಳು. ತನ್ನ ಕೂಸನ್ನು ಅತ್ತೆಯ ಕೈಗಿಟ್ಟು ನನ್ನದನ್ನು ಎತ್ತಿಕೊಂಡಳು. ಅವಳ ಕುಪ್ಪಸ ಆಗಲೇ ತೊಯ್ದು ಹಾಲಿನ ವಾಸನೆ ನನ್ನವರೆಗೂ ಬರುತ್ತಿತ್ತು. ಮಗ ಮುಖವನ್ನು ಅತ್ತಿತ್ತ ಹೊರಳಿಸಿ ಹುಡುಕತೊಡಗಿದ.

“ಕುಡಸ್ಲೇನ ಅಕ್ಕಾ?” ಅಂದಳು.

“ಕೇಳೂದೇನೈತಿ, ಹಾಕವ್ವಾ ಬಾಯಿಗೆ,” ಅಂದರು ಅತ್ತೆ. ಆಕೆ ಕದಲಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು. ಬೇಡ ಅಂದರೆ ಮಗ ಉಳಿಯುವುದಿಲ್ಲ. ಹೂಂ ಅಂದರೆ ಅವನ ಹೊಟ್ಟೆಯಲ್ಲಿ ನಿಲ್ಲುವ ಮೊದಲ ಹಾಲು ಆಕೆಯದು. ಹೊಟ್ಟೆ ಕೊಯಿಸಿಕೊಂಡವಳು ನಾನು, ಎದೆಗವಚಿಕೊಳ್ಳುವವಳು ಆಕೆ. ಇಂಥ ನ್ಯಾಯ ಎಲ್ಲಿಯದು?

“ಕುಡಸು,” ಅಂದು ಗೋಡೆಯ ಕಡೆ ಮುಖ ತಿರುಗಿಸಿದೆ.

ಅಳು ನಿಂತಿತು. ಆಮೇಲೆ ಗುಟುಕು ಗುಟುಕಾಗಿ ನುಂಗುವ ಸದ್ದು. ಒಂದೊಂದು ಗುಟುಕಿಗೂ ನನ್ನ ಮೈ ಉರಿಯಿತು. ಮಗ ಬದುಕುತ್ತಿದ್ದಾನೆ ಎಂದು ಗೊತ್ತಿತ್ತು, ಗೊತ್ತಿದ್ದೂ ಉರಿಯಿತು. ಹಲ್ಲು ಕಚ್ಚಿ ಮಲಗಿದ್ದವಳಿಗೆ ಎದೆ ಬಿಗಿದು ಸೂಜಿ ಚುಚ್ಚಿದಂತಾಯಿತು. ಕೈಯಿಟ್ಟು ನೋಡಿಕೊಂಡರೆ ಕುಪ್ಪಸ ಒದ್ದೆ.

“ಸಾಕು,” ಅಂದೆ. “ಇತ್ತ ಕೊಡು.”

“ತಡಿಯಕ್ಕಾ, ಕುಡ್ಯಾಕತ್ತಾನ.”

“ಕೊಡು ಅಂದ್ರ ಕೊಡು. ನಂದು ಬಂದೈತಿ.”

ಆಕೆ ಅವನ ಬಾಯಿ ಬಿಡಿಸಿ ತಂದು ನನ್ನ ಪಕ್ಕದಲ್ಲಿ ಮಲಗಿಸಿದಳು. ಅವನು ಮತ್ತೆ ಕಿರುಚಿಕೊಂಡ. ನಾನು ಅವಸರ ಮಾಡಲಿಲ್ಲ. ಅವನ ತುಟಿಗೆ, ಗಲ್ಲಕ್ಕೆ ಹತ್ತಿದ್ದ ಆಕೆಯ ಹಾಲನ್ನು ಸೆರಗಿನಿಂದ ಪೂರ್ತಿ ಒರೆಸಿ, ಆಮೇಲೆ ಎದೆಗೆ ಹಚ್ಚಿಕೊಂಡೆ.