ಹೊಗೆಯನ್ನು ಗೆದ್ದ ಸೈಲೆನ್ಸರ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಸೂರಿನ ಗ್ಯಾರೇಜಿನಲ್ಲಿ ಹಳೆಯ ಎಸ್‌ಯುವಿಯೊಂದು ಜಾಕುಗಳ ಮೇಲೆ ನಿಂತಿದೆ. ಅದರ ಕೆಳಗಿನಿಂದ ಎರಡು ಸವೆದ ಬೂಟುಗಳು ಕಾಣುತ್ತವೆ, ಆಗಾಗ ಒಂದೊಂದು ಬೈಗುಳ ಕೇಳುತ್ತದೆ. ಬೈಗುಳವೆಲ್ಲ ಬಿಗಿದುಕೊಂಡ ನಟ್ಟೊಂದಕ್ಕೆ. "ಕೂತಿದ್ದು ಸಾಕು, ಏಳಪ್ಪಾ ಇನ್ನ! ನಿಂಗೇನು ಕಾಲು ಹಿಡೀಬೇಕಾ?"

ಸುತ್ತಲಿನ ಗ್ಯಾರೇಜಿನವರಿಗೆಲ್ಲ ಇವರು ಸೈಲೆನ್ಸರ್ ಅಕ್ಕ. "ಗಂಡ ಇಟ್ಟ ಹೆಸರಲ್ಲ. ಅವರಿಗೆ ಅಷ್ಟು ಧೈರ್ಯ ಎಲ್ಲಿ?" ಎಂದು ತಾವೇ ನಗುತ್ತಾರೆ. ತಂದೆಯ ಕಣ್ಣು ಮಂಜಾದಾಗ ಅವರ ವೆಲ್ಡಿಂಗ್ ಅಂಗಡಿಗೆ ಬಂದು ಕೂತವರು, ಮತ್ತೆ ಏಳಲಿಲ್ಲ. ಮೊದಮೊದಲು ಬಂದವರೆಲ್ಲ ಇವರನ್ನೇ ನೋಡುತ್ತಾ "ಮೆಕ್ಯಾನಿಕ್ ಎಲ್ಲಮ್ಮಾ?" ಎಂದು ಕೇಳುತ್ತಿದ್ದರಂತೆ. ಮೊಣಕೈವರೆಗೆ ಸುಟ್ಟ ಕಲೆಗಳಿವೆ. ದಿನಕ್ಕೆ ಎರಡೋ ಮೂರೋ ಗಾಡಿ, ಎಲ್ಲವೂ ಹೊಗೆ ಕೊಳವೆಯದೇ ಕೆಲಸ.

ಇವತ್ತಿನ ಗಾಡಿ ಒಬ್ಬ ಬಡಗಿಯದು. ಅವರ ಮಗಳು ಕಾಲೇಜಿಗೆ ಹೋಗುವುದು ಗಾಲಿಕುರ್ಚಿಯಲ್ಲಿ. ಹಿಂಬಾಗಿಲಿಗೆ ಅಪ್ಪ ತಾನೇ ಹಲಗೆಯ ಇಳಿಜಾರು ಕೂರಿಸಿದ್ದಾರೆ. ಮಗಳು ಯಾರ ಕೈಯನ್ನೂ ಹಿಡಿಯದೆ ಒಳಗೆ ಉರುಳಿಕೊಂಡು ಹೋಗುತ್ತಾಳೆ. ಆದರೆ ಗಾಡಿ ಹೊಗೆ ತಪಾಸಣೆಯಲ್ಲಿ ಎರಡು ಸಲ ಫೇಲಾಗಿದೆ. ಇವತ್ತಿನದು ಕೊನೆಯ ಅವಕಾಶ. ಇದೂ ತಪ್ಪಿದರೆ ಗಾಡಿ ಗುಜರಿಗೆ. "ಇದು ಹೋದ್ರೆ ನನ್ ಮಗಳು ಮನೇಲೇ ಕೂರ್ಬೇಕು ಅಕ್ಕಾ," ಎನ್ನುತ್ತಾರೆ ಬಡಗಿ.

ಗಾಡಿಯ ರೋಗ ಕನ್ವರ್ಟರಿನದು. ಇಂಜಿನ್ ಉಗುಳುವ ವಿಷವನ್ನು ಹೊರಬೀಳುವ ಮುನ್ನ ಸುಟ್ಟು ಶುದ್ಧ ಮಾಡುವ ಡಬ್ಬಿ ಅದು. ಈ ಗಾಡಿಗೆ ಎಡಕ್ಕೊಂದು, ಬಲಕ್ಕೊಂದು. ಹೋದ ವರ್ಷವೇ ಬೇರೆ ಕಡೆ ಎರಡನ್ನೂ ಹೊಸದು ಹಾಕಿಸಿದ್ದರು.

ಹಟ ಹಿಡಿದ ನಟ್ಟಿಗೆ ಅಕ್ಕ ಸುತ್ತಿಗೆ ಎತ್ತುವುದಿಲ್ಲ. ಬೆಂಕಿಯಲ್ಲಿ ಕಾಯಿಸಿ ಮೇಣದ ಬತ್ತಿ ಸವರುತ್ತಾರೆ. ಮೇಣ ಕರಗಿ ತಿರುಪಿನ ಸಂದಿಗೆ ಇಳಿದದ್ದೇ ತಡ, ನಟ್ಟು ಸದ್ದಿಲ್ಲದೆ ತಿರುಗುತ್ತದೆ. ಹಳೆಯ ಡಬ್ಬಿಗಳು ಹೊರಬರುತ್ತವೆ. ಎಡಗಡೆಯದನ್ನು ಅಲ್ಲಾಡಿಸಿದರೆ ಒಳಗೆ ಚೂರುಗಳು ಗಲಗಲ ಎನ್ನುತ್ತವೆ. ಬಲಗಡೆಯದು ಮಾತ್ರ ಹೊಸದರಂತಿದೆ. ಅಕ್ಕನ ಹುಬ್ಬು ಗಂಟಾಗುತ್ತದೆ, ಆದರೂ ಬಡಗಿಯ ಅವಸರಕ್ಕೆ ಹೊಸ ಜೋಡಿ ಕೂರಿಸಿ, ಬಿಚ್ಚಿದ ವೈರುಗಳನ್ನು ಇದ್ದ ಹಾಗೇ ಸಿಕ್ಕಿಸಿ, ಇಂಜಿನ್ ಶುರುಮಾಡುತ್ತಾರೆ.

ಸ್ವಲ್ಪ ಹೊತ್ತಿಗೇ ಎಚ್ಚರಿಕೆಯ ದೀಪ ಹತ್ತಿಕೊಳ್ಳುತ್ತದೆ. ಜೊತೆಗೆ, ಮೊದಲಿನಿಂದಲೂ ಬರುತ್ತಿದ್ದ ಅದೇ ಕೊಳೆತ ಮೊಟ್ಟೆಯ ವಾಸನೆ. ಬಡಗಿ ತಲೆಯ ಮೇಲೆ ಕೈಹೊತ್ತು ಟೈರಿನ ಮೇಲೆ ಕುಸಿಯುತ್ತಾರೆ. ಅಕ್ಕ ಗಾಡಿಯ ದೋಷ ಓದುವ ಸ್ಕ್ಯಾನರನ್ನು ಬಡಗಿಯ ಕೈಗಿತ್ತು, ಮತ್ತೆ ಕೆಳಗೆ ನುಸುಳಿ, ಹೊಗೆಯನ್ನು ಮೂಸಿ ನೋಡುವ ಬಲಗಡೆಯ ಸೆನ್ಸರಿನ ವೈರು ಕಿತ್ತು, ಬಡಗಿಗೆ ಕೂಗುತ್ತಾರೆ. "ಸ್ಕ್ಯಾನರಲ್ಲಿ ಯಾವ ಕಡೇದು ಸತ್ತಿದೆ ನೋಡಿ!"

"ಎಡಗಡೆದು, ಅಕ್ಕಾ!"

ಗಾಡಿಯ ಕೆಳಗಿನಿಂದ ಜೋರು ನಗು. "ಸಿಕ್ಕಿಬಿಟ್ಟ ಕಳ್ಳ!"

ಅಂಗಾತ ಮಲಗಿ, ತಲೆ ಇಂಜಿನ್ ಕಡೆ ಇಟ್ಟು ಮೇಲೆ ನೋಡುವವರಿಗೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹಿಂದಿನ ಮೆಕ್ಯಾನಿಕ್ ಹಾಗೆ ಮಲಗಿಯೇ ಎರಡು ವೈರುಗಳನ್ನು ಅದಲುಬದಲು ಮಾಡಿದ್ದ. "ಎಡಗಡೆದು 'ಪೆಟ್ರೋಲ್ ಸಾಕು ಸಾಕು' ಅಂತ ಕಿರುಚಿದ್ರೆ, ಗಾಡಿ ಕಂಪ್ಯೂಟರು ಬಲಗಡೆಗೆ ಬಡಿಸೋದು ನಿಲ್ಲಿಸುತ್ತೆ. ಎಡಗಡೆಗೆ ಇನ್ನೂ ಸುರಿಯುತ್ತೆ. ಸುಟ್ಟೋಗದೆ ಇನ್ನೇನಾಗುತ್ತೆ?" ಎಂದು ಅಕ್ಕ ಬಿಡಿಸಿ ಹೇಳುತ್ತಾರೆ. ಹಾಗೆಂದು ಹಿಂದಿನವನನ್ನು ಬೈಯುವುದಿಲ್ಲ. "ನಮ್ಮ ಕಸುಬಲ್ಲಿ ಎಲ್ರೂ ಒಂದ್ ಸಲ ಬೀಳೋ ಗುಂಡಿ ಅದು. ನಾನೂ ಈಗ್ತಾನೆ ಬಿದ್ದೆನಲ್ಲ, ಇದ್ದ ಹಾಗೇ ಸಿಕ್ಕಿಸಿ!"

ವೈರುಗಳು ತಂತಮ್ಮ ಜಾಗಕ್ಕೆ ಬರುತ್ತವೆ. ದೀಪ ಆರುತ್ತದೆ. ಅಕ್ಕ ತಾವೂ ಗಾಡಿ ಹತ್ತುತ್ತಾರೆ, ಹೆದರಿದ ಅಪ್ಪನಿಗೆ ಜೊತೆಯಾಗಿ. ದಾರಿಯಲ್ಲಿ ಮನೆಯಿಂದ ಮಗಳೂ ಹತ್ತಿಕೊಳ್ಳುತ್ತಾಳೆ.

ತಪಾಸಣೆ ಕೇಂದ್ರದಲ್ಲಿ ಸಿಬ್ಬಂದಿ ಹೊಗೆ ಕೊಳವೆಗೆ ನಳಿಕೆ ತೂರಿಸುತ್ತಾನೆ. ಅಪ್ಪ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. ಮಗಳು ಮಾತ್ರ ಕಣ್ಣು ಮಿಟುಕಿಸದೆ ಪರದೆ ನೋಡುತ್ತಾಳೆ. ಅಂಕಿಗಳು ಇಳಿಯುತ್ತವೆ, ಇನ್ನೂ ಇಳಿಯುತ್ತವೆ, ಹಸಿರಾಗಿ ನಿಲ್ಲುತ್ತವೆ.

"ಅಪ್ಪಾ, ಪಾಸ್!" ಅವಳ ಕೂಗಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಅಪ್ಪ ಅಳುತ್ತಿದ್ದಾರೋ ನಗುತ್ತಿದ್ದಾರೋ ಅವರಿಗೇ ತಿಳಿಯದು. ಅಕ್ಕನ ಮುಖವಂತೂ ಊರಗಲ.

ವಾಪಸು ಹೊರಡುವಾಗ ಅಕ್ಕ ಸಣ್ಣದೊಂದು ಆಸೆ ಹೇಳಿಕೊಳ್ಳುತ್ತಾರೆ. "ಬರುವಾಗ ಭಯದಲ್ಲಿ ಏನೂ ಗೊತ್ತಾಗ್ಲಿಲ್ಲ. ನಾನ್ ಸರಿಮಾಡಿದ ಗಾಡೀಲಿ ಒಂದ್ ಸಲ ಆರಾಮಾಗಿ ಕೂತು ಹೋಗ್ಬೇಕು, ಅಷ್ಟೆ."

"ಅಪ್ಪಾ, ಸುತ್ತು ದಾರೀಲಿ ಹೋಗು," ಹಿಂದಿನಿಂದ ಮಗಳ ಅಪ್ಪಣೆಯಾಗುತ್ತದೆ.

ಏರು ರಸ್ತೆ ಹತ್ತುವಾಗ ಅಕ್ಕ ಬೆರಳೆತ್ತುತ್ತಾರೆ. "ಶ್... ಕೇಳಿ."

ಅಪ್ಪ ಮಗಳಿಬ್ಬರೂ ಕಿವಿಗೊಡುತ್ತಾರೆ. "ಏನೂ ಕೇಳಿಸ್ತಿಲ್ವಲ್ಲ ಅಕ್ಕಾ?"

"ಹ್ಞಾಂ! ಅದೇ ನನ್ನ ಕೆಲಸ."